ಉಪ್ಪುಮಣ್ಣಿನ ಭತ್ತ

ತೊಂಬತ್ತರ ದಶಕದಲ್ಲಿ ನಾನು ಮೈಸೂರಿನ ಒಂದು ಮಣ್ಣು ಪರೀಕ್ಷೆ ಲ್ಯಾಬಿನಲ್ಲಿದ್ದೆ. ಲಕ್ಷ್ಮೀಪುರಂನ ಮಗಳ ಮನೆಗೆ ಬಂದಿದ್ದ ಕುಮಟಾ ಕಡೆಯ ರೈತರೊಬ್ಬರು ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಮಣ್ಣಿನ ಪೊಟ್ಟಣವಿಟ್ಟರು. ನೀರಲ್ಲಿ ಕಲಸಿ ಮೀಟರಿನ ಕಡ್ಡಿ ಅದ್ದಿದರೆ ಮುಳ್ಳು ಕೊನೆಗೆ ಹೋಗಿ ನಿಂತಿತು. ಅಷ್ಟು ಉಪ್ಪು! ನಿಯಮದಂತೆ ‘ಬೇಸಾಯಕ್ಕೆ ಯೋಗ್ಯವಲ್ಲ’ ಎಂದು ಮೊಹರು ಒತ್ತಿದೆ.

“ಇದರಲ್ಲಿ ಹುಲ್ಲೂ ಬೆಳೆಯಲ್ಲ ಕಣ್ರೀ” ಅಂದೆ.

“ದೀಪಾವಳಿ ಹೊತ್ತಿಗೆ ಭತ್ತ ಕೊಯ್ದಾಯ್ತಲ್ಲ” ಅಂದರು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. “ಅಳಿವೆ ಪಕ್ಕದ ಗದ್ದೆ. ಮಳೆ ಬಂದು ಉಪ್ಪು ತೊಳೀತದೆ, ನಾವು ಉಪ್ಪು ತಡೀವ ಕಗ್ಗ ಭತ್ತ ಎರಚಿ ಬರ್ತೇವೆ. ಗೊಬ್ಬರ ಹಾಕೂದಿಲ್ಲ. ಕೊಯ್ಲಾದ ಮೇಲೆ ಸಮುದ್ರದ ನೀರು ಒಳಗೆ ಬಿಟ್ಟು ಸಿಗಡಿ ಹಿಡೀತೇವೆ.”

ಭತ್ತವೂ ಬೇಕು, ಸಿಗಡಿಯೂ ಬೇಕು ಇವರಿಗೆ! ಕಡಕೊಳದ ಹತ್ತಿರ ನನಗೂ ಅರ್ಧ ಎಕರೆ ಇತ್ತು. ಅದರ ಮಣ್ಣನ್ನು ನಾನೇ ಪರೀಕ್ಷಿಸಿ ‘ಅತ್ಯುತ್ತಮ’ ಎಂಬ ಮೊಹರನ್ನೂ ನಾನೇ ಒತ್ತಿಕೊಂಡಿದ್ದೆ. ಪುಸ್ತಕ ನೋಡಿ ನೋಡಿ ಗೊಬ್ಬರ ಹಾಕಿದರೂ ಮೂರು ವರ್ಷದಲ್ಲಿ ಬಂದದ್ದು ಒಂದು ಕುಕ್ಕೆ ಅವರೆಕಾಯಿ. ಹೊಟ್ಟೆ ಉರಿದುಹೋಯಿತು.

“ವರದಿ ಬದಲಾಯಿಸೋಕಾಗಲ್ಲ” ಅಂದೆ, ಮುಖ ಬಿಗಿದುಕೊಂಡು.

“ಇರಲಿ ಬಿಡಿ. ಗದ್ದೆಗೇನು ಓದೂಕೆ ಬರೂದಿಲ್ಲ” ಎಂದು ನಗುತ್ತಾ ಕಾಗದ ಮಡಿಚಿಕೊಂಡು ಹೋದರು.

ಆ ಭಾನುವಾರ ಹೊಲಕ್ಕೆ ಹೊರಟವನ ಚೀಲವನ್ನು ಹೆಂಡತಿ ಬಿಚ್ಚಿ ನೋಡಿದಳು.

“ಏನ್ರೀ ಇದು, ಇಷ್ಟೊಂದು ಕಲ್ಲುಪ್ಪು?”

“ಲ್ಯಾಬಿನ ಕೆಲಸ ಕಣೇ, ಸುಮ್ನಿರು” ಅಂದೆ.