ಚೀಟಿ ತರುತ್ತಿದ್ದ ಮಕ್ಕಳು

ಕೊಡಗಿನ ಸಿದ್ದಾಪುರದಲ್ಲಿ ಶಾಲೆಯ ಗೇಟಿನ ಎದುರು ನನ್ನದೊಂದು ಪುಸ್ತಕ, ಪೆನ್ನು, ಚಿಲ್ಲರೆ ಸಾಮಾನುಗಳ ಅಂಗಡಿ. ನನ್ನ ಕಿವಿ ಮಂದವಾಗಿದೆ ಎಂಬುದನ್ನು ನಾನು ಎರಡು ವರ್ಷ ಒಪ್ಪಿಕೊಳ್ಳಲಿಲ್ಲ. ಅದಕ್ಕೆ ಈ ಊರೇ ಒಳ್ಳೆಯ ನೆಪ ಕೊಟ್ಟಿತ್ತು. ಇಲ್ಲಿನವರು ಮಲಯಾಳದಲ್ಲಿ ಶುರುಮಾಡಿದ ಮಾತನ್ನು ತಮಿಳಿನಲ್ಲಿ ಮುಂದುವರಿಸಿ ಕನ್ನಡದಲ್ಲಿ ಮುಗಿಸುತ್ತಾರೆ. ಅರ್ಥವಾಗದಿದ್ದರೆ ತಪ್ಪು ಅವರ ಭಾಷೆಯದು, ನನ್ನ ಕಿವಿಯದಲ್ಲ ಎಂದುಕೊಂಡಿದ್ದೆ. ನಾನು ಶನಿವಾರಸಂತೆ ಕಡೆಯವನು, ಅಚ್ಚ ಕನ್ನಡ ಕೇಳಿ ಬೆಳೆದವನು ಎಂಬ ಜಂಬ ಬೇರೆ. ಹೆಂಡತಿಯೂ ಅದೇ ಕಡೆಯವಳು, ಅವಳ ಮಾತೂ ಕೇಳಿಸುತ್ತಿರಲಿಲ್ಲ. ಅವಳು ಬಾಯೊಳಗೇ ಮಾತಾಡುತ್ತಾಳೆ ಎಂದು ಅದಕ್ಕೂ ಒಂದು ಕಾರಣ ಹುಡುಕಿಕೊಂಡಿದ್ದೆ.

ಅಂಗಡಿಯಲ್ಲಿ ಆಗುತ್ತಿದ್ದ ಅವಾಂತರ ಒಂದೆರಡಲ್ಲ. ನಾಲ್ಕು ಗೆರೆಯ ಪುಸ್ತಕ ಕೇಳಿದವಳಿಗೆ ನಾಲ್ಕು ಪುಸ್ತಕ ಕಟ್ಟಿಕೊಟ್ಟೆ. ಗಮ್ ಕೇಳಿದ ಹುಡುಗನಿಗೆ ಬಾಮ್ ಕೊಟ್ಟು, ಈ ವಯಸ್ಸಿಗೇ ಎಂಥ ತಲೆನೋವು, ಮೊಬೈಲ್ ನೋಡೋದು ಕಡಿಮೆ ಮಾಡು ಎಂದು ಬುದ್ಧಿಯನ್ನೂ ಹೇಳಿದೆ. ಪಾಪ, ಅವನು ತಲೆಯಾಡಿಸಿ ಬಾಮ್ ತೆಗೆದುಕೊಂಡು ಹೋದ.

ಒಂದು ಸೋಮವಾರದಿಂದ ಮಕ್ಕಳು ಬೇಕಾದ್ದನ್ನು ಚೀಟಿಯಲ್ಲಿ ಬರೆದು ತರತೊಡಗಿದರು. ಗದ್ದಲವಿಲ್ಲ, ನೂಕಾಟವಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಸಾಲಿನಲ್ಲಿ ನಿಲ್ಲಿ, ಕಾಗುಣಿತ ಸರಿ ಬರೆಯಿರಿ ಎಂದು ಆಗಾಗ ನಾನು ಬೈಯುತ್ತಿದ್ದುದರ ಫಲ ಇದು ಎಂದು ತೀರ್ಮಾನಿಸಿದೆ. ಚೀಟಿಗಳಲ್ಲಿ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕೊಡುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ಅಂಗಡಿಗೆ ಬಂದಾಗ, "ನೋಡಿ ಮೇಡಂ, ನಾನಿಲ್ಲಿ ಕೂತೇ ಮಕ್ಕಳಿಗೆ ಶಿಸ್ತು ಕಲಿಸ್ತಾ ಇದ್ದೀನಿ" ಎಂದೆ. ಅವರು ಏನೋ ಹೇಳಿದರು. ಹೊಗಳಿದರೆಂದುಕೊಂಡು ಕೈಮುಗಿದೆ.

ಹೀಗಿರುವಾಗ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಬಂದು ಚೀಟಿ ಚಾಚಿದಳು. ಅದರಲ್ಲಿ ಅಕ್ಷರವಿರಲಿಲ್ಲ, ಒಂದು ಚೌಕ ಬರೆದಿತ್ತು. ಬಿಸ್ಕತ್ತೋ ರಬ್ಬರೋ ತಿಳಿಯಲಿಲ್ಲ.

"ಇದೇನು ಪುಟ್ಟಿ? ಬಾಯಲ್ಲಿ ಹೇಳು" ಎಂದೆ.

ಅವಳು ಹಿಮ್ಮಡಿ ಎತ್ತಿ, ಕೌಂಟರಿಗೆ ಗಲ್ಲ ಊರಿ, ಗಂಟಲು ಹರಿಯುವಂತೆ ಕೂಗಿದಳು: "ರಬ್ಬರ್! ಅಂಕಲ್‌ಗೆ ಕಿವಿ ಕೇಳಲ್ಲ ಅಂತ ಯಾರಿಗೂ ಹೇಳಬಾರ್ದು, ಬರ್ಕೊಂಡು ಹೋಗಿ ಅಂತ ಎಂಟನೇ ಕ್ಲಾಸ್ ಅಕ್ಕ ಹೇಳಿದ್ದಾರೆ!"

ಅಷ್ಟನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡೆ. ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ಹತ್ತಾರು ಜನರಿಗೂ ಕೇಳಿಸಿತು. ರಬ್ಬರ್ ಕೊಟ್ಟು ಕಳಿಸಿ, ಒಳಗೆ ಹೋಗಿ ಕಪಾಟು ಜೋಡಿಸುವವನಂತೆ ಬಹಳ ಹೊತ್ತು ಬೆನ್ನು ಹಾಕಿ ನಿಂತಿದ್ದೆ.

ಆ ಎಂಟನೇ ಕ್ಲಾಸಿನ ಅಕ್ಕ ಯಾರೆಂದು ಗೊತ್ತಿತ್ತು, ಆ ಸೋಮವಾರ ಮೊದಲ ಚೀಟಿ ತಂದವಳು ಅವಳೇ. ಹತ್ತಿರದ ಎಸ್ಟೇಟಿನ ಲೈನಿನಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವ ಹುಡುಗಿ. ತಾಯಿ ಅಲ್ಲೇ ಕಾಫಿ ಕೊಯ್ಯುವವರು. ಮರುದಿನ ಸಂಜೆ ಅವಳು ಇಬ್ಬರು ಗೆಳತಿಯರ ಜೊತೆ ಬಂದಾಗ, ಗದರಿಸಬೇಕೆಂದೇ ಕರೆದೆ.

"ಯಾರಮ್ಮ ನಿನಗೆ ಹೇಳಿದ್ದು, ನನಗೆ ಕಿವಿ ಕೇಳಲ್ಲ ಅಂತ?"

ಅವಳು ಹೆದರಲಿಲ್ಲ. ನನ್ನ ಮುಖಕ್ಕೆ ನೇರವಾಗಿ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಮ್ಮ ಪಾಟಿಗೂ ಹಾಗೇ ಅಂಕಲ್. ಅಜ್ಜಿಗೆ. ಏನೋ ಕೇಳಿದ್ರೆ ಏನೋ ಹೇಳ್ತಿದ್ರು. ಲೈನಲ್ಲಿ ಎಲ್ಲರೂ ನಗ್ತಿದ್ರು, ನಾನೂ ನಗ್ತಿದ್ದೆ. ಆಮೇಲೆ ಅವರು ಮಾತಾಡೋದೇ ಬಿಟ್ರು." ಹಾಗೆಯೇ ಸೇರಿಸಿದಳು: "ಕ್ಲಾಸಲ್ಲಿ ಹುಡುಗರು ನಿಮ್ಮ ಬಾಮ್ ಕಥೆ ಹೇಳಿ ನಗೋಕೆ ಶುರುಮಾಡಿದ್ರು. ಅದಕ್ಕೇ ನಾವು ಮೂರು ಜನ ಎಲ್ಲಾ ಕ್ಲಾಸಿಗೂ ಹೋಗಿ ಹೇಳಿದ್ವಿ. ನೀವು ತಿದ್ದಿಕೊಟ್ಟ ಚೀಟಿ ನೋಡಿ ಕನ್ನಡ ಮೇಡಂಗೂ ಖುಷಿ."

ಗದರಿಸುವುದನ್ನು ಬಿಟ್ಟು, ಮೂವರಿಗೂ ಒಂದೊಂದು ಪೆನ್ನು ಕೊಡಹೋದೆ. ತೆಗೆದುಕೊಳ್ಳಲಿಲ್ಲ.

ಆ ವಾರವೇ ಮಡಿಕೇರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಹೆಂಡತಿಯೂ ಬಂದಿದ್ದಳು. ಡಾಕ್ಟರು ವಿವರಿಸುತ್ತಿದ್ದಷ್ಟು ಹೊತ್ತೂ ಅವಳ ಮುಖದಲ್ಲಿ ಕೇಸು ಗೆದ್ದವರ ಕಳೆಯಿತ್ತು. ಕಿವಿಗೆ ಮಿಷನ್ ಬಂತು. ಅವಳು ಎಂದೂ ಬಾಯೊಳಗೆ ಮಾತಾಡಿದವಳಲ್ಲ ಎಂಬುದು ಮೊದಲ ದಿನವೇ ಖಚಿತವಾಯಿತು.

ಮಿಷನ್ ನೋಡಿದ ಹುಡುಗಿಯರು ಇನ್ನೊಂದು ಕೆಲಸ ಹಚ್ಚಿದರು. "ಪಾಟಿ ಆಸ್ಪತ್ರೆಗೆ ಬರಲ್ಲ ಅಂತಾರೆ. ನಾವು ಹೇಳಿದ್ರೆ ಕೇಳಲ್ಲ. ನೀವು ಬಂದು ಹೇಳಿ ಅಂಕಲ್."

ಭಾನುವಾರ ಲೈನಿಗೆ ಹೋದೆ. ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ದಾರಿಯುದ್ದಕ್ಕೂ ಒಂದು ಭಾಷಣ ಜೋಡಿಸಿಕೊಂಡು ಬಂದಿದ್ದೆ. ಅವರಿಗೆ ಕೇಳಿಸುವುದಿಲ್ಲ ಎಂಬುದು ಅಲ್ಲಿ ಹೋಗಿ ನಿಂತ ಮೇಲೆ ಹೊಳೆಯಿತು. ಬೇರೆ ದಾರಿ ಕಾಣದೆ ನನ್ನ ಮಿಷನ್ ಬಿಚ್ಚಿ, ಅಂಗಿಯ ತುದಿಯಲ್ಲಿ ಒರೆಸಿ, ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಅಜ್ಜಿಯ ಕಿವಿಗೆ ಒತ್ತಿ ಹಿಡಿದು, ಮೆಲ್ಲಗೆ ಏನೋ ಹೇಳಿದಳು. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಅಜ್ಜಿ ಮೊಮ್ಮಗಳ ಬಾಯಿಯನ್ನೇ ನೋಡಿದರು. ಆಮೇಲೆ ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ನಡುವೆ ನನ್ನ ಕಡೆ ಕೈ ತೋರಿಸಿ ಏನೋ ಅಂದಾಗ ಮೂವರು ಹುಡುಗಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನೂ ನಕ್ಕೆ. ಒಂದಕ್ಷರವೂ ಕೇಳಿಸಿರಲಿಲ್ಲ.