ಅಕ್ಕೋರು ಕಲಿಸಿದ ಸಂಕ್ರಾಂತಿ ಕಾರ್ಡು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಉಳಿ ಜಾರಿ ಆದ ಗಾಯವಂತೆ. ಆ ಸೀಳಿನೊಳಗೆ ಸೇರಿಕೊಂಡ ಬಣ್ಣ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೆಳಗ್ಗೆ ಹಾಜರಿ ಕರೆಯುವಾಗಲೇ, ನಿನ್ನೆ ಅವರು ಮನೆಯಲ್ಲಿ ಹಸಿರು ಬಳಿದರೋ ಕೆಂಪು ಬಳಿದರೋ ನಮಗೆ ಗೊತ್ತಾಗಿಬಿಡುತ್ತಿತ್ತು.

ಶಿಕಾರಿಪುರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಕೈಕೆಲಸ ಕಲಿಸಲು ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಸೊರಬದ ಗುಡಿಗಾರರ ಮನೆಯವರು. ಆ ಮನೆಯಲ್ಲಿ ಗಂಡಸರು ಗಂಧದ ಮರ ಕೆತ್ತುತ್ತಿದ್ದರು, ಹೆಂಗಸರು ಬೆಂಡಿನ ಬಾಸಿಂಗ ಕಟ್ಟುತ್ತಿದ್ದರು. ಹೆಣ್ಣು ಉಳಿ ಮುಟ್ಟುವ ರೂಢಿ ಇರಲಿಲ್ಲ. ಅಕ್ಕೋರು ಕದ್ದು ಕಲಿತಿದ್ದರು. "ಅಪ್ಪ ಉಂಡು ಏಳೋದ್ರೊಳಗೆ ಒಂದು ಎಲೆ ಕೆತ್ತಿ ಮುಗಿಸ್ಬೇಕಿತ್ತು. ಅದಕ್ಕೇ ನನ್ನ ಕೈ ಇಷ್ಟು ಬೇಗ" ಎಂದು ನಗುತ್ತಿದ್ದರು.

ಮರದ ಚೂರುಗಳಲ್ಲಿ ಅವರೇ ಕೆತ್ತಿದ ಅಚ್ಚುಗಳು ನಮ್ಮ ಪಾಠಕ್ಕೆ ಬಂದವು: ಮರ, ಹಕ್ಕಿ, ಕಬ್ಬಿನ ಜಲ್ಲೆ. ದಪ್ಪ ಕಾಗದ ಮಡಚಿ, ಅಚ್ಚೊತ್ತಿ, ಅದು ಒಣಗಿದ ಮೇಲೆ ನೀರುಬಣ್ಣ ತೆಳ್ಳಗೆ ಹರಿಸಿ, ಕೊನೆಗೆ ಏನಾದರೊಂದು ಅಂಟಿಸಿದರೆ ಸಂಕ್ರಾಂತಿ ಕಾರ್ಡು. "ಅಂಗಡೀಲಿ ಸಿಗೋದನ್ನ ಅಂಗಡಿಯವ್ನೇ ಮಾರ್ಲಿ. ನಿಮ್ಮನೇಲಿ ಇರೋದನ್ನ ತಗಂಬನ್ನಿ" ಎನ್ನುತ್ತಿದ್ದರು. ಉಳಿದವರು ಜರಿಯ ತುಂಡು, ರೇಷ್ಮೆ ದಾರ ತಂದರು. ನಮ್ಮದು ಕುರಿ ಸಾಕುವ ಮನೆ. ನಾನು ತಂದ ಉಣ್ಣೆಯನ್ನು ಲಂಗದ ಮಡಿಕೆಯಲ್ಲಿ ಅವಿತಿಟ್ಟುಕೊಂಡಿದ್ದೆ.

"ಎಂತ ಮುಚ್ಚಿಟ್ಕಂಡೀಯೇ?" ಎಂದು ಬಿಡಿಸಿ ನೋಡಿದರು. ಉಣ್ಣೆಯನ್ನು ಬೆರಳಲ್ಲಿ ಹಿಂಜಿ ಬೆಳಕಿಗೆ ಹಿಡಿದು, "ಇದು ಯಾರ್ ಹತ್ರಾನೂ ಇಲ್ಲ ನೋಡು" ಎಂದರು. ಅಂದಿನಿಂದ ನಾನು ಕುರಿಗಳನ್ನೇ ಮಾಡಿದೆ.

ಅವರ ಕೆಲಸ ಕಾಯಂ ಆಗಿರಲಿಲ್ಲ. ಆ ವರ್ಷ ಇಲಾಖೆಯ ಸಾಹೇಬರೊಬ್ಬರು, ಕೈಕೆಲಸದ ಕ್ಲಾಸು ಇರಬೇಕೋ ಬೇಡವೋ ತೀರ್ಮಾನಿಸಲು ಬಂದರು. ಮೇಜಿನ ಮೇಲಿದ್ದ ಕಾರ್ಡುಗಳನ್ನು ತಿರುವಿಹಾಕಿ, "ಇವು ಮಕ್ಕಳು ಮಾಡಿದ್ದಲ್ಲ. ನೀವೇ ಮಾಡಿ ಜೋಡಿಸಿಟ್ಟಿದೀರಿ" ಎಂದರು.

ಅಕ್ಕೋರ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ. "ಕೂತ್ಕಳ್ರೀ ಸಾಹೇಬ್ರೆ. ಯಾವ ಹುಡುಗಿ ಬೇಕೋ ನೀವೇ ಕರೀರಿ."

ಸಾಹೇಬರ ಬೆರಳು ಕೊನೆಯ ಸಾಲಿನ ನನ್ನ ಕಡೆ ಬಂತು. ಅಕ್ಕೋರು ಕೈ ಹಿಂದೆ ಕಟ್ಟಿಕೊಂಡು, ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ನಿಂತುಬಿಟ್ಟರು. ಮರ ಒತ್ತುವಾಗ ಅಚ್ಚು ಜಾರಿತು. ಮರದ ಬುಡದಲ್ಲಿ ಮಸಿ ಕದಡಿ ರಾಡಿಯಾಯಿತು. ಕಿಟಕಿಯತ್ತ ನೋಡಿದೆ. ಅವರು ತಿರುಗಲಿಲ್ಲ. ಆ ರಾಡಿಗೆ ನೀರು ಬಿಟ್ಟು, ಕುಂಚದಿಂದ ಮೇಲಕ್ಕೆಳೆದೆ. ಹಿಂಡು ಹೋದ ದಾರಿಯಲ್ಲಿ ಏಳುವ ಧೂಳಿನಂತೆ ಕಂಡಿತು. ಮರಕ್ಕೆ ಹಸಿರು ಬಳಿದು, ಧೂಳಿನ ಮುಂದೆ ಉಣ್ಣೆ ಅಂಟಿಸಿ, ಲೇಖನಿಯಿಂದ ಕಾಲು ಗೀಚಿ, ಐದು ಕುರಿ ನಡೆಸಿದೆ.

ಸಾಹೇಬರು ಬಹಳ ಹೊತ್ತು ಅದನ್ನೇ ನೋಡಿದರು. "ಇದನ್ನ ನಾನು ಶಿವಮೊಗ್ಗಕ್ಕೆ ತಗೊಂಡು ಹೋಗ್ತೀನಿ" ಎಂದು ಕಾರ್ಡನ್ನು ಕೋಟಿನ ಜೇಬಿನತ್ತ ಒಯ್ದರು.

ಆಗ ಅಕ್ಕೋರು ತಿರುಗಿದರು. "ಕಾರ್ಡು ಅವಳದ್ರೀ. ಅವಳನ್ನ ಕೇಳ್ರಿ."

ಸಾಹೇಬರ ಜೊತೆ ಬಂದಿದ್ದ ನಮ್ಮ ಹೆಡ್‌ಮೇಷ್ಟ್ರು ಬೆವರಿದರು. ಸಾಹೇಬರು ಬಗ್ಗಿ, "ಕೊಡ್ತೀಯೇನಮ್ಮಾ?" ಎಂದರು.

"ಇಲ್ರೀ. ನಮ್ಮವ್ವಂಗೆ."

ಸಾಹೇಬರು ಜೋರಾಗಿ ನಕ್ಕು ಕಾರ್ಡನ್ನು ನನ್ನ ಕೈಗೆ ವಾಪಸು ಇಟ್ಟರು. ಕ್ಲಾಸು ಉಳಿಯಿತು, ಅಕ್ಕೋರೂ ಉಳಿದರು. ನನಗೆ ಮಾತ್ರ ಅವರು ಹೇಳಿದ್ದು ಒಂದೇ ಮಾತು: "ಮರಕ್ಕೆ ಹಸಿರು ಜಾಸ್ತಿ ಆಯ್ತು."

ಅವ್ವನಿಗೆ ಓದು ಬರುತ್ತಿರಲಿಲ್ಲ. ಕಾರ್ಡಿನ ಮೇಲೆ ಬೆರಳಾಡಿಸಿ, "ಇದು ನಮ್ಮ ಕೆಂಚಿ ಕುರಿ ಉಣ್ಣೆ ಅಲ್ಲೇನೇ!" ಎಂದು ಕೇರಿಗೆಲ್ಲ ತೋರಿಸಿ ಬಂದಳು.

ಮುಂದೆ ನಾನೂ ಚಿತ್ರಕಲೆ ಕಲಿಸುವ ಕೆಲಸಕ್ಕೆ ಸೇರಿದೆ. ಅಕ್ಕೋರು ನಿವೃತ್ತರಾಗಿ ಸೊರಬಕ್ಕೆ ಮರಳಿದರು. ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಎಲ್ಲ ಮುಗಿದಿತ್ತು. ಜಗಲಿಯಲ್ಲಿ ಕೂತಿದ್ದ ಅವರ ಅಣ್ಣ ನನ್ನ ಊರು ಕೇಳಿದರು. ಶಿಕಾರಿಪುರ, ಕುರಿ ಸಾಕುವ ಮನೆ ಎಂದೆ. ಮುದುಕರು ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು.

"ಸಾಹೇಬರಿಗೇ ಕೊಡಲ್ಲ ಅಂದ ಹುಡುಗಿ ನೀನೇನಾ? ಬಾ ಒಳಗೆ. ನಿನ್ನ ಕತೆ ಹೇಳದೆ ನಮ್ಮ ತಂಗಿ ಒಂದು ಹಬ್ಬಾನೂ ಕಳೀಲಿಲ್ಲ."

ನನ್ನೆದುರು ಒಂದು ಶಹಭಾಸ್ ಅನ್ನದವರು, ಊರಿಗೆಲ್ಲ ಹೇಳಿಕೊಂಡಿದ್ದರು.