ವಾಕರ್ ಚಾರ್ಟಿನ ಒಂದು ಸಾಲು

ಇಂಗ್ಲಿಷ್ ಪಾಠಕ್ಕೆಂದು ನಮ್ಮ ಬಿ.ಎಡ್. ತರಗತಿಯಲ್ಲಿ ತಲಾ ಒಂದು ಹೆಸರಿನ ಮೂಲ ತಿಳಿಸುವ ಚಾರ್ಟ್ ಮಾಡಬೇಕಿತ್ತು. ನಾನು ವಾಕರ್ ಎಂಬ ಮನೆತನದ ಹೆಸರನ್ನು ಆರಿಸಿಕೊಂಡೆ. ಹಿಂದೆ ಇಂಗ್ಲೆಂಡಿನಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ತುಳಿದು ಹದ ಮಾಡುತ್ತಿದ್ದವರಿಗೆ ಆ ಹೆಸರು ಬಂತು. ಆ ಹೆಸರಿನವರಲ್ಲಿ ಕಾದಂಬರಿಕಾರ್ತಿ ಇದ್ದಾರೆ, ಒಲಿಂಪಿಕ್ಸ್‌ನಲ್ಲಿ ಗೆದ್ದ ಓಟಗಾರ ಇದ್ದಾರೆ. ಕಸುಬು ಹೋಗಿ ಹೆಸರು ಮಾತ್ರ ಉಳಿದಿದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಸ್ಸು ಎಷ್ಟು ನಿಮಿಷ ತಡವಾಯಿತೆಂದೂ ಡೈರಿಯಲ್ಲಿ ಬರೆಯುವವಳು ನಾನು. ಚಾರ್ಟಿಗೆ ಸೇರಿಸಲೆಂದು ತರಗತಿಯ ಇಪ್ಪತ್ತಮೂರು ಮಂದಿಯನ್ನೂ ಅವರ ತಾತ ಅಜ್ಜಿಯರ ಕಸುಬು ಕೇಳಿದೆ. ಬೇಸಾಯ ಹದಿನಾಲ್ಕು, ರೇಷ್ಮೆ ಐದು, ಅಂಗಡಿ ಎರಡು, ಮೇಷ್ಟರ ಕೆಲಸ ಎರಡು. ಬೇಸಾಯ ಎಂದವರಲ್ಲಿ ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲೇ ಇರುವ ತಾಯಲೂರಿನ ಗೆಳತಿಯೂ ಒಬ್ಬಳು.

ಹಿಂದಿನ ತಿಂಗಳಷ್ಟೇ ಅವಳ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದೆ. ಊರಿನವರ ಬಟ್ಟೆಯನ್ನೆಲ್ಲ ಕೆರೆಯಲ್ಲಿ ತುಳಿದು ಒಗೆದ ಕಾಲುಗಳನ್ನು ಅವಳ ಅಜ್ಜಿ ನನಗೆ ತೋರಿಸಿ ನಕ್ಕಿದ್ದರು. ಲೆಕ್ಕ ತಪ್ಪಾಗಬಾರದೆಂದು ಬೇಸಾಯವನ್ನು ಹದಿಮೂರು ಮಾಡಿ, ‘ಬಟ್ಟೆ ಒಗೆಯುವುದು: ಒಂದು’ ಎಂದು ವಾಕರ್ ಹೆಸರಿನ ಕೆಳಗೆ ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ, ಪ್ರತಿ ಕಸುಬಿನ ಮುಂದೆ ಊರುಗಳನ್ನು ಮಾತ್ರ ಹಾಕಿದೆ. ತಾಯಲೂರಿನಿಂದ ಬಂದವಳು ಅವಳೊಬ್ಬಳೇ.

ಬುಧವಾರ ಚಾರ್ಟನ್ನು ಗೋಡೆಗೆ ಅಂಟಿಸಿದೆ. ಮಧ್ಯಾಹ್ನ ಮಾಲೂರಿನವಳೊಬ್ಬಳು ಗೆಳತಿಯನ್ನು ಕರೆದು, “ಏನಮ್ಮಾ ವಾಕರ್, ನನ್ನ ಕಾಟನ್ ಸೀರೆಗೆ ಗಂಜಿ ಹಾಕ್ಕೊಡ್ತೀಯಾ?” ಎಂದಳು. ಎಲ್ಲರೂ ನಕ್ಕರು. ಗೆಳತಿಯೂ ನಕ್ಕಳು.

ಸಂಜೆ ರೂಮಿನಲ್ಲಿ ಕೇಳಿದಳು: “ನಾನು ಹೇಳಿದ್ದನ್ನ ಯಾಕೆ ತಿದ್ದಿದೆ?”

“ಲೆಕ್ಕ ತಪ್ಪಾಗ್ತಿತ್ತು. ಅದ್ರಲ್ಲಿ ನಾಚಿಕೆ ಏನು? ಆ ವಾಕರ್‌ಗಳು ಎಲ್ಲಿಗೆ ಮುಟ್ಟಿದ್ದಾರೆ ನೋಡು.”

“ಅವರ ಮನೇಲಿ ನೀರು ಕುಡಿಯೋಕೆ ಯಾರೂ ಹಿಂದೆ ಮುಂದೆ ನೋಡಲ್ಲ ಕಣೇ. ನಮ್ಮನೇಲಿ ಉಂಡಿದ್ದು ನಿಮ್ಮಮ್ಮಂಗೆ ಹೇಳಿದ್ಯಾ?”

ಹೇಳಿರಲಿಲ್ಲ. ಹಾಸ್ಟೆಲ್‌ನಲ್ಲೇ ಇದ್ದೆ ಎಂದಿದ್ದೆ. ಅಮ್ಮ ಆಗಾಗ ನನ್ನ ಡೈರಿ ತೆರೆದು ನೋಡುತ್ತಾಳೆಂದು ಆ ಎರಡು ಪುಟಗಳನ್ನೂ ಖಾಲಿ ಬಿಟ್ಟಿದ್ದೆ.

ಮರುದಿನ ಯಾರೂ ಬರುವ ಮೊದಲೇ ಚಾರ್ಟನ್ನು ಕಿತ್ತೆ. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸ ಮಾಡಲು ನಾವಿಬ್ಬರೂ ಶ್ರೀನಿವಾಸಪುರದ ಒಂದು ಶಾಲೆಗೆ ಜೊತೆಯಾಗಿ ಹೋಗಬೇಕಿತ್ತು. ಅವಳು ಬೇರೆ ಶಾಲೆ ಕೇಳಿ ಹಾಕಿಸಿಕೊಂಡಳು.

ಶನಿವಾರ ನಮ್ಮೂರು ವಕ್ಕಲೇರಿಗೆ ಹೋದವಳು ಅಮ್ಮನಿಗೆ ನಿಜ ಹೇಳಿದೆ. ಅವಳು ಹಸುವಿಗೆ ಹಿಂಡಿ ಕಲಸುತ್ತಿದ್ದಳು. ತಲೆ ಎತ್ತಲಿಲ್ಲ.

“ಆಗಿದ್ದು ಆಯ್ತು. ನಿಮ್ಮಜ್ಜಿ ಕಿವಿಗೆ ಬೀಳೋದು ಬೇಡ. ಇನ್ಮೇಲೆ ಹೋಗ್ಬೇಡ.”

ನಾನು ಹೂಂ ಎಂದೆ.

ಸೋಮವಾರ ರೂಮಿಗೆ ಬಂದಾಗ ಗೆಳತಿ ಕೇಳಿದಳು: “ಹೇಳಿದ್ಯಾ?”

“ಹೇಳ್ದೆ.”

“ಏನಂದ್ರು?”

“ಏನೂ ಅನ್ಲಿಲ್ಲ.”

ನನ್ನ ಮುಖವನ್ನು ನೋಡಿದಳು. ಆಮೇಲೆ ಬೇರೆ ಶಾಲೆಗೆ ಒಯ್ಯಬೇಕಾದ ಪುಸ್ತಕಗಳನ್ನು ಬ್ಯಾಗಿಗೆ ತುಂಬತೊಡಗಿದಳು.